ವಿನಯದ ಡಂಗುರ

ಆತ್ಮಸ್ತುತಿಯು ದೋಷವೆಂಬುದು ನಮ್ಮ ನಾಡಿನಲ್ಲಿ ಹೊಸದಾಗಿ ಹೇಳಬೇಕಾದ ಮಾತಲ್ಲ. ತುಂಬಿದ ಕೊಡ ತುಳುಕುವುದಿಲ್ಲವೆಂದು ಅಕ್ಷರವರಿಯದ ಹಿರಿಯರೂ ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಆದರೆ ಅದು ಎಷ್ಟು ದೊಡ್ಡ ದೋಷ? ಸಭ್ಯರಿಗೆ ಒಪ್ಪದ ಒಂದು ನಡತೆ ಮಾತ್ರವೆ, ಅಥವಾ ಅದಕ್ಕಿಂತ ಆಳವಾದ ಹಾನಿಯೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡಲು ಕಾರಣವಾದ ಸಂಗತಿಯನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಅದಕ್ಕೆ ಮೊದಲು ಮಹಾಭಾರತದ ಕರ್ಣಪರ್ವದ ಒಂದು ಪ್ರಸಂಗವನ್ನು ನೆನೆಯೋಣ.

ಕರ್ಣನ ಬಾಣಗಳಿಂದ ಗಾಯಗೊಂಡ ಧರ್ಮರಾಯನು ಬಿಡಾರಕ್ಕೆ ಮರಳಿದ್ದಾನೆ. ತನ್ನನ್ನು ಕಾಣಲು ಬಂದ ಅರ್ಜುನನು ಕರ್ಣನನ್ನು ಕೊಂದೇ ಬಂದಿರಬೇಕೆಂದು ಅವನ ಎಣಿಕೆ. ಹಾಗಾಗಿಲ್ಲವೆಂದು ತಿಳಿದೊಡನೆ ಕೆರಳಿ, ಗಾಂಡೀವವನ್ನು ಬೇರೊಬ್ಬರಿಗೆ ಕೊಟ್ಟುಬಿಡೆಂದು ತಮ್ಮನನ್ನು ಹಂಗಿಸುತ್ತಾನೆ. ಹಾಗೆಂದವನ ತಲೆಯನ್ನು ಕಡಿಯುವೆನೆಂದು ಅರ್ಜುನನು ಹಿಂದೆ ಪ್ರತಿಜ್ಞೆ ಮಾಡಿದ್ದನು, ಕತ್ತಿಯನ್ನು ಹಿರಿಯುತ್ತಾನೆ. ಶ್ರೀಕೃಷ್ಣನು ತಡೆದು, ಪೂಜ್ಯರಾದವರನ್ನು ‘ನೀನು’ ಎಂದು ಏಕವಚನದಲ್ಲಿ ನುಡಿದು ಅವಮಾನಿಸಿದರೆ ಅದೇ ಅವರ ವಧೆಗೆ ಸಮಾನ, ಪ್ರತಿಜ್ಞೆ ಹಾಗೆಯೇ ತೀರಲಿ ಎನ್ನುತ್ತಾನೆ. ಅರ್ಜುನನು ಅಣ್ಣನನ್ನು ನಿಂದಿಸುತ್ತಾನೆ. ನಿಂದಿಸಿದ ಮೇಲೆ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಲು ಮತ್ತೆ ಕತ್ತಿಯನ್ನೆತ್ತುತ್ತಾನೆ. ಆಗ ಶ್ರೀಕೃಷ್ಣನು ಸೂಚಿಸುವ ಉಪಾಯವೇನು? ನಿನ್ನ ಗುಣಗಳನ್ನು ನಿನ್ನ ಬಾಯಿಂದಲೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮಾನ ಎಂದು. ಪಿನಾಕಪಾಣಿಯೊಬ್ಬನನ್ನು ಬಿಟ್ಟರೆ ತನಗೆ ಸಮನಾದ ಬಿಲ್ಲುಗಾರನಿಲ್ಲವೆಂದು ಅರ್ಜುನನು ಹೇಳಿಕೊಳ್ಳುತ್ತಾನೆ. ಅಲ್ಲಿಗೆ ಅವನು ಸತ್ತಂತಾಯಿತು.

ಗಮನಿಸಬೇಕಾದುದೇನೆಂದರೆ ಅರ್ಜುನನು ಆಡಿದುದು ಸುಳ್ಳಲ್ಲ. ಅವನು ನಿಜವಾಗಿಯೂ ಅಂತಹ ಬಿಲ್ಲುಗಾರನೇ. ಸತ್ಯವಾದ ಹೊಗಳಿಕೆಯೂ ತನ್ನ ಬಾಯಿಂದ ಬಂದರೆ ಸಾವಿಗೆ ಸಮವೆಂದು ಆ ಕಥೆ ಹೇಳುತ್ತದೆ. ಬಸವಣ್ಣನವರೂ ಕಳವು, ಕೊಲೆ, ಹುಸಿಗಳನ್ನು ನಿಷೇಧಿಸಿದ ವಚನದಲ್ಲಿಯೇ ಆತ್ಮಪ್ರಶಂಸೆಯ ನಿಷೇಧವನ್ನೂ ಸೇರಿಸಿದ್ದಾರೆ. ಆ ವಚನ ವಾಚಕರಿಗೆ ಬಾಯಿಪಾಠವಾಗಿರುವುದರಿಂದ ಇಲ್ಲಿ ಬರೆಯುವುದಿಲ್ಲ. ಬಾಯಿಪಾಠವಾಗಿರುವುದರಿಂದಲೇ, ಕೊಲೆಯ ಸಾಲಿನಲ್ಲಿ ಈ ಸಣ್ಣ ದೋಷವೇಕೆ ಬಂದು ನಿಂತಿತೆಂದು ನಾವು ನಿಂತು ಕೇಳುವುದಿಲ್ಲವೋ ಏನೋ. ನಾನಂತೂ ಬಹುಕಾಲ ಕೇಳಿರಲಿಲ್ಲ.

ಇನ್ನು ಇಂದಿನ ಕಾಲಕ್ಕೆ ಬರೋಣ. ಲಿಂಕ್ಡ್‌ಇನ್ ಎಂಬುದೊಂದು ಜಾಲತಾಣವಿದೆ. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಬೆಂಗಳೂರಿನಲ್ಲಿ ಕಂಪ್ಯೂಟರ್ ಸಂಬಂಧದ ನೌಕರಿಯಲ್ಲಿದ್ದರೆ ಅವರಿಗೆ ಅದರ ಪರಿಚಯವಿದ್ದೇ ಇರುತ್ತದೆ. 2003ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದು ಆರಂಭವಾಯಿತು. 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಅದನ್ನು 2,620 ಕೋಟಿ ಡಾಲರಿಗೆ ಕೊಂಡಿತು. 2023ರ ವೇಳೆಗೆ ಸದಸ್ಯರ ಸಂಖ್ಯೆ 100 ಕೋಟಿಯನ್ನು ದಾಟಿತು; ಅಮೆರಿಕದ ಬಳಿಕ ಹೆಚ್ಚು ಸದಸ್ಯರಿರುವುದು ಭಾರತದಲ್ಲಿಯೇ. ಉದ್ಯೋಗಸ್ಥರು ತಮ್ಮ ವಿದ್ಯಾಭ್ಯಾಸ, ಅನುಭವಗಳ ವಿವರವನ್ನು ಅಲ್ಲಿ ಬರೆದಿಡುತ್ತಾರೆ. ಕೆಲಸಕ್ಕೆ ಜನರನ್ನು ಹುಡುಕುವವರು ಅಲ್ಲಿ ಹುಡುಕುತ್ತಾರೆ. ಇಷ್ಟೇ ಆಗಿದ್ದರೆ ಆಕ್ಷೇಪಿಸಲು ಏನೂ ಇರುತ್ತಿರಲಿಲ್ಲ. ಸಂತೆಯಲ್ಲಿ ಸರಕನ್ನು ತೆರೆದಿಡಲೇಬೇಕಷ್ಟೆ.

ಆದರೆ ಆ ತಾಣದಲ್ಲಿ ವಿವರವನ್ನು ಬರೆದಿಟ್ಟು ಸುಮ್ಮನಿದ್ದರೆ ಸಾಲದು. ದಿನದಿನವೂ ಏನಾದರೊಂದು ಪ್ರಕಟಣೆಯನ್ನು ಹೊರಡಿಸುತ್ತಿರಬೇಕು. ಯಾವುದಕ್ಕೆ ಹೆಚ್ಚು ಮಂದಿ ಚಪ್ಪಾಳೆಯ ಗುರುತನ್ನು ಒತ್ತುವರೋ ಅದು ಇನ್ನಷ್ಟು ಮಂದಿಯ ಕಣ್ಣಿಗೆ ಬೀಳುವಂತೆ ಯಂತ್ರವು ಏರ್ಪಡಿಸುತ್ತದೆ. ಹೀಗಾಗಿ ಬಡ್ತಿ ದೊರೆತವರು, ಎರಡು ದಿನದ ತರಬೇತಿ ಮುಗಿಸಿದವರು, ಯಾವುದೋ ಸಭೆಯಲ್ಲಿ ಎರಡನೆಯ ಸಾಲಿನಲ್ಲಿ ಕುಳಿತು ಬಂದವರು, ಎಲ್ಲರೂ ಡಂಗುರ ಸಾರುವರು. ಸಾರುವ ರೀತಿಯಾದರೂ ವಿಚಿತ್ರ. ‘ನನಗೆ ಇಂತಹ ಪ್ರಶಸ್ತಿ ಬಂದಿದೆ’ ಎಂದು ನೇರವಾಗಿ ಹೇಳುವವರು ವಿರಳ. ‘ಈ ಪ್ರಶಸ್ತಿಯಿಂದ ನಾನು ವಿನೀತನಾಗಿದ್ದೇನೆ’ ಎನ್ನುವರು. ಇಂಗ್ಲಿಷಿನಲ್ಲಿ ವಿನಯಕ್ಕಿರುವ ಆ ಪದದ ಮೂಲ ಲ್ಯಾಟಿನ್ ಭಾಷೆಯ ‘ಹ್ಯೂಮಸ್’, ಎಂದರೆ ನೆಲ. ವಿನೀತನೆಂದರೆ ನೆಲದ ಮಟ್ಟಕ್ಕೆ ಇಳಿದವನು. ಇವರೋ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ನಿಂತ ಛಾಯಾಚಿತ್ರದ ಕೆಳಗೆ ತಾವು ನೆಲಕ್ಕಿಳಿದಿರುವುದಾಗಿ ಬರೆಯುತ್ತಾರೆ! ಮೇಲೇರಿದುದನ್ನು ತಿಳಿಸಲು ಇಳಿದೆನೆಂಬ ಮಾತನ್ನು ಬಳಸುವ ಇಂತಹ ವ್ಯವಹಾರ ಬೇರೆಲ್ಲಿಯಾದರೂ ಇದ್ದೀತೆ?

ಇದನ್ನು ಅಮೆರಿಕದವರ ಸ್ವಭಾವವೆಂದು ತಳ್ಳಿಹಾಕುವಂತೆಯೂ ಇಲ್ಲ. ಇದೇ ದೇಶದ ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ಆತ್ಮಕಥೆಯಲ್ಲಿ ಒಂದು ಸಂಗತಿಯನ್ನು ಹೇಳಿಕೊಂಡಿದ್ದಾನೆ. ಯೌವನದಲ್ಲಿ ಅವನು ಅಭ್ಯಾಸ ಮಾಡಬೇಕಾದ 12 ಸದ್ಗುಣಗಳ ಪಟ್ಟಿಯನ್ನು ಮಾಡಿಕೊಂಡನು. ಕ್ವೇಕರ್ ಪಂಥದ ಗೆಳೆಯನೊಬ್ಬನು, ಜನರು ನಿನ್ನನ್ನು ಅಹಂಕಾರಿಯೆಂದು ಭಾವಿಸಿದ್ದಾರೆಂದು ಮೆಲ್ಲನೆ ತಿಳಿಸಿದಾಗ, ವಿನಯವನ್ನು ಹದಿಮೂರನೆಯದಾಗಿ ಸೇರಿಸಿದನು. ಬಹುಕಾಲದ ಅಭ್ಯಾಸದ ಬಳಿಕ ಅವನು ಒಪ್ಪಿಕೊಂಡುದೇನೆಂದರೆ, ಅಹಂಕಾರವನ್ನು ಗೆದ್ದೆನೆಂದು ತನಗೆ ತೋರಿದರೂ ಆ ವಿನಯದ ಬಗೆಗೇ ತಾನು ಅಹಂಕಾರಪಡುವುದುಂಟು ಎಂದು. ಅವನಿಗೆ ತನ್ನ ಸ್ಥಿತಿ ತಿಳಿದಿತ್ತು. ನಗುವಷ್ಟು ದೂರದಲ್ಲಿ ನಿಂತು ಅದನ್ನು ನೋಡಬಲ್ಲವನಾಗಿದ್ದನು. ಇಂದಿನ ಪ್ರಕಟಣೆಗಳಲ್ಲಿ ಕಾಣದುದು ಆ ನಗು.

ಇಷ್ಟರವರೆಗಿನದು ನಕ್ಕು ಬಿಡಬಹುದಾದ ವಿಷಯ. ನಾನೂ ಹಾಗೆಯೇ ನಕ್ಕು ಬಿಟ್ಟಿದ್ದೆನು. ನಗಲಾಗದಂತೆ ಮಾಡಿದವನು ನನ್ನ ಒಬ್ಬ ಹಳೆಯ ವಿದ್ಯಾರ್ಥಿ.

ಧಾರವಾಡ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ಅವನು ನನ್ನ ತರಗತಿಯಲ್ಲಿದ್ದನು. ತಂದೆಯಿಲ್ಲದ ಹುಡುಗ. ತಾಯಿ ಜೋಳದ ರೊಟ್ಟಿ ಬಡಿದು ಪೇಟೆಯ ಖಾನಾವಳಿಗಳಿಗೆ ಕಳಿಸಿ ಅವನನ್ನು ಓದಿಸಿದಳು. ಅವನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯನ್ನು ಸೇರಿ, ಹದಿನಾಲ್ಕು ವರ್ಷ ದುಡಿದನು. 2023ರಲ್ಲಿ ಒಂದು ಮುಂಜಾನೆ ಅವನ ಕಂಪ್ಯೂಟರ್ ತೆರೆದುಕೊಳ್ಳಲಿಲ್ಲ. ಕೆಲಸ ಹೋಗಿದೆಯೆಂಬುದು ಅವನಿಗೆ ತಿಳಿದುದು ಹಾಗೆ. ಅದಾಗಿ ಏಳು ತಿಂಗಳಿಗೆ ತಾಯಿಯೂ ಲಿಂಗೈಕ್ಯಳಾದಳು. ಶಿವಗಣಾರಾಧನೆಗೆ ನಾನೂ ಹೋಗಿದ್ದೆನು. ಮರುದಿನ ಸಂಜೆ ಅವನು ನಮ್ಮ ಮನೆಗೆ ಬಂದು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕೊನೆಗೆ ಮೊಬೈಲನ್ನು ನನ್ನ ಕೈಗಿತ್ತು, “ಸರ್, ಇದನ್ನೊಮ್ಮೆ ಓದಿರಿ” ಎಂದನು.

ಅವ್ವನ ಸಾವಿನ ನಾಲ್ಕನೆಯ ದಿನ ಅವನು ಆ ತಾಣದಲ್ಲಿ ಇಂಗ್ಲಿಷಿನಲ್ಲಿ ಬರೆದ ಪ್ರಕಟಣೆ ಅದು. ಅವ್ವನ ರೊಟ್ಟಿಗಳಿಂದ ತಾನು ಕಲಿತ ಐದು ಪಾಠಗಳೆಂದು ತಲೆಬರಹ. ಮೊದಲನೆಯದು ಸಮಯಪಾಲನೆ, ಎರಡನೆಯದು ಗ್ರಾಹಕರ ಮೇಲಿನ ಗೌರವ, ಹೀಗೆ ಸಾಲುಸಾಲಾಗಿ. ಒಂದೊಂದು ಪಾಠದ ಕೆಳಗೂ ಆ ಗುಣವು ತನ್ನ ವೃತ್ತಿಜೀವನದಲ್ಲಿ ಹೇಗೆ ಫಲ ಕೊಟ್ಟಿತೆಂಬ ವಿವರಣೆ. ಕೊನೆಯಲ್ಲಿ, ತಾನು ಈಗ ಹೊಸ ಅವಕಾಶಗಳಿಗೆ ಸಿದ್ಧನಿರುವೆನೆಂಬ ಸೂಚನೆ. ಜೊತೆಗೆ ಒಲೆಯ ಮುಂದೆ ಕುಳಿತ ಆ ತಾಯಿಯ ಒಂದು ಚಿತ್ರ. ಸಾವಿರಕ್ಕೂ ಮಿಕ್ಕ ಜನ ಮೆಚ್ಚುಗೆಯನ್ನು ಒತ್ತಿದ್ದರು.

ನನ್ನನ್ನು ತಡೆದು ನಿಲ್ಲಿಸಿದುದು ಐದನೆಯ ಪಾಠ. ಅವ್ವ ಕೊನೆಯ ಬಾರಿ ತನ್ನ ಕೈಹಿಡಿದು, ‘ಮಗನೇ, ಗುಣಮಟ್ಟದ ವಿಷಯದಲ್ಲಿ ಎಂದೂ ರಾಜಿ ಮಾಡಿಕೊಳ್ಳಬೇಡ’ ಎಂದಳೆಂದು ಬರೆದಿದ್ದನು. ಆ ತಾಯಿಯನ್ನು ನಾನು ಮೂವತ್ತು ವರ್ಷ ಬಲ್ಲೆನು.

“ತಮ್ಮಾ, ಅವ್ವ ಹೀಗ ಅಂದಿದ್ದಳೇನು?” ಎಂದು ಕೇಳಿದೆನು.

ಅವನು ನೆಲವನ್ನು ನೋಡುತ್ತ, “ಇಷ್ಟು ನೇರವಾಗಿ ಅಲ್ಲ ಸರ್. ಅರ್ಥ ಅದೇ ಇತ್ತು” ಎಂದನು.

ಆಗ ನನಗೆ ನೆನಪಾದುದನ್ನು ಅವನಿಗೆ ಹೇಳಿದೆನು. ಹಿಂದೊಮ್ಮೆ ಶಾಲೆಯ ಶುಲ್ಕದ ವಿಷಯವಾಗಿ ಅವರ ಮನೆಗೆ ಹೋಗಿದ್ದಾಗ, ಆಕೆ ಬಡಿದ ರೊಟ್ಟಿಗಳನ್ನು ಎರಡು ಬುಟ್ಟಿಗಳಲ್ಲಿ ಹಾಕುತ್ತಿದ್ದಳು. ದೊಡ್ಡ ಬುಟ್ಟಿ ಖಾನಾವಳಿಗೆ. ಸಣ್ಣದರಲ್ಲಿ ಮುರಿದವು, ಹರಿದವು. ಯಾಕವ್ವಾ ಎಂದು ಕೇಳಿದ್ದಕ್ಕೆ ತಲೆಯೆತ್ತದೆ ಹೇಳಿದ್ದಳು: “ಹರದ ರೊಟ್ಟಿ ನಮಗ, ನೆಟ್ಟಗಿದ್ದದ್ದು ಮಂದೀಗೆ.” ಅದನ್ನು ಕೇಳುತ್ತಲೇ ಅವನ ಮುಖ ಬದಲಾಯಿತು. ಬಾಲ್ಯವಿಡೀ ಆ ಹರಿದ ರೊಟ್ಟಿಯನ್ನೇ ತಿಂದು ಬೆಳೆದವನು ಅವನು. “ನಾನು ಅದನ್ನ ಮರತೇಬಿಟ್ಟಿದ್ದೆ ಸರ್” ಎಂದು ಅಳತೊಡಗಿದನು. ಸಾವಿನ ಮನೆಯಲ್ಲಿ ಅವನ ಕಣ್ಣಲ್ಲಿ ನೀರು ಬಂದುದನ್ನು ನಾನು ಕಂಡಿರಲಿಲ್ಲ.

ವಾಚಕರೆ, ಕೊಲೆಯ ಸಾಲಿನಲ್ಲಿ ಆತ್ಮಪ್ರಶಂಸೆ ಏಕೆ ನಿಂತಿದೆಯೆಂಬ ಪ್ರಶ್ನೆಗೆ ಆ ಸಂಜೆ ನನಗೆ ಸ್ವಲ್ಪ ಉತ್ತರ ದೊರೆತಂತೆ ತೋರಿತು. ಹುಡುಗನು ದುಷ್ಟನಲ್ಲ, ತಾಯಿಯ ಮೇಲಿನ ಪ್ರೀತಿಯೂ ಹುಸಿಯಲ್ಲ. ಆದರೆ ಹೊಗಳಿಕೆಯ ಅಚ್ಚು ಮೊದಲೇ ಸಿದ್ಧವಾಗಿತ್ತು. ಅದಕ್ಕೆ ಎರಕ ಹೊಯ್ಯಲು ಲೋಹ ಬೇಕಾಗಿತ್ತು. ಕೈಗೆ ಸಿಕ್ಕುದು ಅವ್ವ. ಅಚ್ಚಿಗೆ ಹೊಂದದ ಭಾಗವೆಲ್ಲ ಹೊರಗೆ ಚೆಲ್ಲಿಹೋಯಿತು. ಎರಡು ಬುಟ್ಟಿ ಹೋಯಿತು, ಅವಳ ಮಾತು ಹೋಯಿತು, ತಲೆಯೆತ್ತದೆ ಹೇಳಿದ ರೀತಿ ಹೋಯಿತು. ಯಾವ ಅವ್ವನೂ ಯಾವ ಮಗನಿಗೂ ಹೇಳದಂತಹ ಒಂದು ವಾಕ್ಯ ಉಳಿಯಿತು. ಮೋಸಹೋದವರು ಓದಿದ ಆ ಸಾವಿರ ಮಂದಿಯಲ್ಲ. ಅವರು ಮೆಚ್ಚುಗೆಯನ್ನು ಒತ್ತಿ ಮುಂದಕ್ಕೆ ಹೋದರು. ಬರೆದವನ ನೆನಪೇ ಬರೆದವನಿಂದ ಕದ್ದುಹೋಯಿತು.

2022ರ ಆಗಸ್ಟಿನಲ್ಲಿ ಅಮೆರಿಕದ ಓಹಿಯೋ ರಾಜ್ಯದ ಒಂದು ಸಣ್ಣ ಕಂಪನಿಯ ಮುಖ್ಯಸ್ಥನು ಇಬ್ಬರು ನೌಕರರನ್ನು ತೆಗೆದುಹಾಕಿದ ಸುದ್ದಿಯನ್ನು ಇದೇ ತಾಣದಲ್ಲಿ ಪ್ರಕಟಿಸುತ್ತ, ಕಣ್ಣೀರಿನಿಂದ ತೊಯ್ದ ತನ್ನ ಮುಖದ ಚಿತ್ರವನ್ನು ಜೊತೆಗಿರಿಸಿದನು. ಲೋಕವೆಲ್ಲ ಅವನನ್ನು ಗೇಲಿಮಾಡಿತು. ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಆದರೆ ಅಳುತ್ತಿರುವಾಗ ಕೈಯೊಂದು ಮೇಲೆದ್ದು ಮೊಬೈಲನ್ನು ಮುಖಕ್ಕೆ ಹಿಡಿಯಿತಷ್ಟೆ. ಆ ಕೈ ಅಳುತ್ತಿರಲಿಲ್ಲ. ಮನುಷ್ಯನೊಳಗೆ ಅಳುವವನೊಬ್ಬ, ಅಳುವವನಿಗೆ ಬೆಲೆ ಕಟ್ಟುವವನೊಬ್ಬ ಬೇರೆಬೇರೆಯಾಗಿ ನಿಂತುಬಿಟ್ಟರೆ, ಕೊನೆಗೆ ಮನೆಯ ಯಜಮಾನಿಕೆ ಯಾರದಾಗುತ್ತದೆ?

ನನ್ನ ಈ ಮಾತುಗಳನ್ನು ಹುಡುಗನು ಒಪ್ಪಿಕೊಂಡನೆಂದು ತಿಳಿಯಬೇಡಿ. ಕಣ್ಣೊರೆಸಿಕೊಂಡು ಅವನು ಹೇಳಿದುದು ಬೇರೆಯೇ. “ಸರ್, ಏಳು ತಿಂಗಳಲ್ಲಿ ಮುನ್ನೂರು ಕಡೆ ಅರ್ಜಿ ಹಾಕಿದೆ. ಒಬ್ಬರೂ ಉತ್ತರ ಬರೆಯಲಿಲ್ಲ. ಇದನ್ನು ಹಾಕಿದ ಮೂರನೇ ದಿನ ಒಂದು ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಮನೆಯ ಸಾಲ ಇದೆ, ಇಬ್ಬರು ಮಕ್ಕಳ ಫೀಸು ಇದೆ. ನಾನು ಸುಮ್ಮನೆ ಇದ್ದರೆ ನಾನು ಇದ್ದೇನೆ ಅನ್ನೋದಾದರೂ ಯಾರಿಗೆ ಗೊತ್ತಾಗಬೇಕು?”

ಇದಕ್ಕೆ ಸುಲಭವಾದ ಉತ್ತರವಿಲ್ಲ. ನಿವೃತ್ತಿವೇತನ ಪಡೆಯುತ್ತ ಜಗಲಿಯ ಮೇಲೆ ಕುಳಿತವನು ನೌಕರಿ ಕಳೆದುಕೊಂಡವನಿಗೆ ಮೌನದ ಮಹಿಮೆಯನ್ನು ಬೋಧಿಸುವುದು ಸುಲಭ. ಹಳ್ಳಿಯಲ್ಲಿ ಒಬ್ಬ ಬಡಗಿಯಿದ್ದರೆ ಅವನು ಮಾಡಿದ ಬಾಗಿಲನ್ನು ಊರೇ ನೋಡುತ್ತದೆ, ಅವನು ಮಾತನಾಡಬೇಕಾಗಿಲ್ಲ. ಹತ್ತು ಸಾವಿರ ಮಂದಿ ಒಂದೇ ಕಟ್ಟಡದಲ್ಲಿ ಕುಳಿತು, ಕಣ್ಣಿಗೆ ಕಾಣದ ಕೆಲಸದ ಒಂದೊಂದು ತುಣುಕನ್ನು ಮಾಡುವಲ್ಲಿ ಯಾರ ಕೆಲಸ ಯಾರಿಗೆ ಕಾಣಬೇಕು? ತನ್ನ ಯೋಗ್ಯತೆಯನ್ನು ತಾನೇ ಹೇಳಿಕೊಳ್ಳಬೇಕಾದ ಸಂದರ್ಭಗಳುಂಟು. ಹಾಗೆ ಹೇಳಿಕೊಂಡವರಲ್ಲಿ ದೊಡ್ಡವರೂ ಉಂಟು.

ಇಟಲಿಯ ಲಿಯೊನಾರ್ಡೋ ಡ ವಿಂಚಿಯು 1482ರ ಸುಮಾರಿಗೆ ಮಿಲಾನಿನ ಅಧಿಪತಿ ಲುಡೊವಿಕೋ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಪತ್ರವೊಂದರ ಕರಡು ಉಳಿದುಬಂದಿದೆ. ಹಗುರವಾದ ಸೇತುವೆಗಳನ್ನು ಕಟ್ಟಬಲ್ಲೆ, ಕೋಟೆಯ ಕಂದಕದ ನೀರನ್ನು ತೆಗೆಯಬಲ್ಲೆ, ಫಿರಂಗಿಗಳನ್ನು ಮಾಡಬಲ್ಲೆ ಎಂದು ಒಂದೊಂದಾಗಿ ಹೇಳಿಕೊಂಡು, ಕೊನೆಕೊನೆಗೆ ಚಿತ್ರವನ್ನೂ ಬರೆಯಬಲ್ಲೆ ಎಂದಿದ್ದಾನೆ! ಆತ್ಮಪ್ರಶಂಸೆಯಲ್ಲಿ ಅವನು ಏನೂ ಕಡಿಮೆ ಮಾಡಿಲ್ಲ. ಆದರೆ ಪತ್ರದ ಮುಕ್ತಾಯವನ್ನು ನೋಡಬೇಕು. ಇವುಗಳಲ್ಲಿ ಯಾವುದಾದರೂ ಅಸಾಧ್ಯವೆಂದು ತೋರಿದರೆ ತಮ್ಮ ಉದ್ಯಾನದಲ್ಲಿಯೋ ತಾವು ಹೇಳಿದಲ್ಲಿಯೋ ಮಾಡಿ ತೋರಿಸಲು ಸಿದ್ಧನಿದ್ದೇನೆಂದು ಅವನು ಬರೆಯುತ್ತಾನೆ.

ಅಷ್ಟು ದೂರ ಹೋಗುವುದೇಕೆ? ನಮ್ಮ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ 634ರಲ್ಲಿ ಕೆತ್ತಿಸಿದ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ವರ್ಣಿಸಿ, ಕೊನೆಯಲ್ಲಿ ಕಾವ್ಯದಲ್ಲಿ ಕಾಳಿದಾಸ ಭಾರವಿಗಳ ಕೀರ್ತಿಯನ್ನು ತಾನೂ ಪಡೆದವನೆಂದು ಹೇಳಿಕೊಂಡಿದ್ದಾನೆ. ಕಾಳಿದಾಸನಿಗೆ ಸಮ! ಮಾತು ದೊಡ್ಡದಾಯಿತೆಂದು ನಮಗೆ ಅನ್ನಿಸಬಹುದು. ಆದರೆ ಆ ಮಾತಿಗೆ ಮುನ್ನ ಅದೇ ಕಲ್ಲಿನಲ್ಲಿ ಅವನ ಕಾವ್ಯವಿದೆ. ಬೇಕಾದವರು ಓದಿ ತೂಗಿ ನೋಡಬಹುದು. ಹದಿನಾಲ್ಕು ಶತಮಾನಗಳಿಂದ ವಿದ್ವಾಂಸರು ಹಾಗೆ ತೂಗಬಹುದಾದಂತೆ ಅದು ಅಲ್ಲಿಯೇ ನಿಂತಿದೆ. ರನ್ನನ ಆತ್ಮವಿಶ್ವಾಸದ ನುಡಿಗಳೂ ಹಾಗೆಯೇ. ಅವನ ‘ಗದಾಯುದ್ಧ’ ನಮ್ಮೆದುರಿಗಿದೆ.

ಈ ಮೂವರ ಮಾತಿಗೂ ಆ ಪ್ರಕಟಣೆಗೂ ಇರುವ ಅಂತರ ಇಲ್ಲಿದೆಯೆಂದು ನನ್ನ ಎಣಿಕೆ. ಲಿಯೊನಾರ್ಡೋ ಬರೆದುದು ಒಬ್ಬ ನಿರ್ದಿಷ್ಟ ವ್ಯಕ್ತಿಗೆ. ಆ ವ್ಯಕ್ತಿಗೆ ಪರೀಕ್ಷಿಸುವ ಅಧಿಕಾರವಿತ್ತು. ತಪ್ಪಿದರೆ ಲಿಯೊನಾರ್ಡೋ ನಗೆಗೀಡಾಗುತ್ತಿದ್ದನು. ‘ನಾನು ಫಿರಂಗಿ ಮಾಡಬಲ್ಲೆ’ ಎಂಬ ಮಾತನ್ನು ಸುಳ್ಳಾಗಿಸಬಹುದು. ‘ಅವ್ವನ ರೊಟ್ಟಿಯಿಂದ ನಾಯಕತ್ವವನ್ನು ಕಲಿತೆ’ ಎಂಬುದನ್ನು ಯಾರು ಪರೀಕ್ಷಿಸಬೇಕು, ಯಾವ ಉದ್ಯಾನದಲ್ಲಿ? ಆ ಮಾತು ಎಲ್ಲರಿಗೂ ಹೇಳಿದುದು, ಆದ್ದರಿಂದ ಯಾರಿಗೂ ಹೇಳಿದುದಲ್ಲ. ಅದರಲ್ಲಿ ಬಲ್ಲೆನೆಂಬ ಹೊಣೆಯಿಲ್ಲ. ಒಳ್ಳೆಯವನೆಂಬ ಸೂಚನೆ ಮಾತ್ರವಿದೆ. ‘ಇಷ್ಟು ವರ್ಷ ಇಂತಹ ಕೆಲಸ ಮಾಡಿದ್ದೇನೆ, ಕೆಲಸ ಹೋಗಿದೆ, ಕೆಲಸ ಬೇಕಾಗಿದೆ’ ಎಂದು ಅವನು ಬರೆದಿದ್ದರೆ ಅದರಲ್ಲಿ ನಾಚಿಕೆಪಡುವಂತಹುದೇನೂ ಇರುತ್ತಿರಲಿಲ್ಲ. ಬೇಡುವುದರಲ್ಲಿ ದೈನ್ಯವಿರಬಹುದು, ಕಪಟವಿಲ್ಲ. ಹಾಗೆಯೂ ಒಮ್ಮೆ ಬರೆದಿದ್ದೆನೆಂದೂ ಹನ್ನೆರಡು ಜನ ಮಾತ್ರ ನೋಡಿದರೆಂದೂ ಅವನು ತಿಳಿಸಿದನು. ನಾನು ಸುಮ್ಮನಾದೆನು.

ಅರ್ಥಶಾಸ್ತ್ರದ ಪಿತಾಮಹನೆಂದು ಕರೆಸಿಕೊಳ್ಳುವ ಆಡಂ ಸ್ಮಿತ್ ಮೂಲತಃ ನೀತಿಶಾಸ್ತ್ರದ ಪ್ರಾಧ್ಯಾಪಕನು. 1759ರಲ್ಲಿ ಮೊದಲು ಪ್ರಕಟವಾಗಿ ಅನಂತರ ಅವನೇ ತಿದ್ದಿ ಬೆಳೆಸಿದ ನೀತಿಗ್ರಂಥವೊಂದರಲ್ಲಿ ಅವನು ಒಂದು ಸೂಕ್ಷ್ಮವನ್ನು ವಿವೇಚಿಸಿದ್ದಾನೆ. ಮನುಷ್ಯನಿಗೆ ಹೊಗಳಿಸಿಕೊಳ್ಳುವ ಆಸೆಯಿದೆ. ಹೊಗಳಿಕೆಗೆ ಯೋಗ್ಯನಾಗುವ ಆಸೆಯೂ ಇದೆ. ಇವೆರಡೂ ಒಂದೇ ಅಲ್ಲ. ತಾನು ಮಾಡದ ಕಾರ್ಯಕ್ಕೆ ಬಂದ ಚಪ್ಪಾಳೆಯಿಂದ ತೃಪ್ತನಾಗುವವನು ತೀರ ಹಗುರವಾದ ಮನಸ್ಸಿನವನು. ವಿವೇಕಿಗೆ ಅಂತಹ ಚಪ್ಪಾಳೆ ಚುಚ್ಚುತ್ತದೆ. ಸಂತೆಯ ನೀತಿಯನ್ನು ಅಷ್ಟು ಚೆನ್ನಾಗಿ ಬಲ್ಲವನೇ ಹೀಗೆ ಬರೆದನೆಂಬುದು ಗಮನಾರ್ಹ. ಈ ತಾಣಗಳ ಯಂತ್ರವು ಎಣಿಸಬಲ್ಲುದು ಮೊದಲನೆಯ ಆಸೆಯ ಫಲವನ್ನು ಮಾತ್ರ. ಎರಡನೆಯದನ್ನು ಎಣಿಸುವ ಯಂತ್ರವಿಲ್ಲ. ಎಣಿಕೆಗೆ ಬಾರದುದು ಕ್ರಮೇಣ ಇಲ್ಲವೆಂದೇ ತೋರತೊಡಗುತ್ತದೆ.

ಇನ್ನೊಂದು ಹಾಸ್ಯಾಸ್ಪದ ಸಂಗತಿಯನ್ನೂ ಅವನೇ ತೋರಿಸಿದನು. ಹೊಸ ಹುದ್ದೆಗೆ ಸೇರಿದುದನ್ನು ಸಾರಲು ‘ಹಂಚಿಕೊಳ್ಳಲು ಸಂತೋಷವಾಗುತ್ತಿದೆ’ ಎಂಬ ವಾಕ್ಯವನ್ನು ತಾಣವೇ ಬರೆದಿಟ್ಟು ಕೊಡುತ್ತದೆಯಂತೆ. ಅಭಿನಂದಿಸುವವರಿಗೂ ಅಭಿನಂದನೆಯ ನುಡಿ ಸಿದ್ಧವಾಗಿರುತ್ತದೆ, ಬೆರಳಿಂದ ಮುಟ್ಟಿದರೆ ಸಾಕು. ಈಚಿನ ವರ್ಷಗಳಲ್ಲಿ ಇಡೀ ಪ್ರಕಟಣೆಯ ಕರಡನ್ನೇ ಯಂತ್ರವು ರಚಿಸಿಕೊಡುತ್ತದೆ. ಸಂತೋಷಪಡುವವನ ಮಾತು ಯಂತ್ರದ್ದು, ಹರಸುವವನ ಮಾತೂ ಯಂತ್ರದ್ದು. ಮದುಮಕ್ಕಳಿಬ್ಬರೂ ಬಾರದ ಮದುವೆಯಲ್ಲಿ ಅಕ್ಷತೆ ಯಾರ ಮೇಲೆ ಬೀಳಬೇಕೋ ತಿಳಿಯದು.

ನಾನು ಹೀಗೆ ಮಾತನಾಡುತ್ತಿದ್ದಂತೆ ಹುಡುಗನು ಮೆಲ್ಲನೆ ನಕ್ಕು, “ಸರ್, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ನಿವೃತ್ತಿಯ ಸ್ಮರಣ ಸಂಚಿಕೆ ಮಾಡಿದವರಲ್ಲಿ ನಾನೂ ಒಬ್ಬ. ಅದರೊಳಗಿನ ನಿಮ್ಮ ಪರಿಚಯ ಬರೆದು ಕೊಟ್ಟವರು ನೀವೇ ಅಲ್ಲೇನ್ರಿ?” ಎಂದನು.

ಮುಖ ಬಿಸಿಯಾಯಿತು. ಅವನು ಹೇಳಿದುದು ನಿಜ. ಸಂಪಾದಕರು ಕೇಳಿದ್ದರು, ಸಮಯವಿರಲಿಲ್ಲ, ನಾನೇ ಎರಡು ಪುಟ ಬರೆದು ಕಳಿಸಿದ್ದೆನು. ‘ಇವರು’ ಎಂಬ ಅನ್ಯಪುರುಷದಲ್ಲಿ. ಅವನು ಹೋದ ಬಳಿಕ ಕಪಾಟಿನಿಂದ ಆ ಸಂಚಿಕೆಯನ್ನು ತೆಗೆದು ನೋಡಿದೆನು. ‘ಸದಾ ಪ್ರಚಾರದಿಂದ ದೂರವಿರುವ ಇವರು’ ಎಂದು ನನ್ನ ಕೈಯಾರೆ ಬರೆದುಕೊಂಡಿದ್ದೇನೆ, ವಾಚಕರೆ! ನಮ್ಮ ಅಭಿನಂದನ ಗ್ರಂಥಗಳ ಬೆನ್ನುಡಿಗಳಲ್ಲಿ ಎಷ್ಟು ಹೀಗೆ ಹುಟ್ಟಿದವೋ ದೇವರೇ ಬಲ್ಲ. ಮದುವೆಯ ಉಡುಗೊರೆಯ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುವುದು ನನಗೆ ತಪ್ಪೆಂದು ತೋರಿಲ್ಲ. ಪಾತ್ರೆ ಕೊಟ್ಟದ್ದಂತೂ ದಿಟ, ಹೆಸರೂ ಬರಬರುತ್ತ ಸವೆಯುತ್ತದೆ. ಆದರೆ ಊರಿನ ವೃತ್ತದಲ್ಲಿ ಇಪ್ಪತ್ತು ಮುಖಗಳ ಫ್ಲೆಕ್ಸ್ ಕಟ್ಟಿಸಿ ಕೆಳಗೆ ‘ವಿನೀತ’ರೆಂದು ಹಾಕಿಸುವ ನಮಗೂ ಆ ತಾಣದವರಿಗೂ ಏನು ವ್ಯತ್ಯಾಸ? ಮಗಳಿಗೆ ಮೊದಲ ಸ್ಥಾನ ಬಂದಿತೆಂದು ಹತ್ತು ಮನೆಗೆ ಪೇಡೆ ಹಂಚುತ್ತ ‘ಎಲ್ಲಾ ತಮ್ಮ ಆಶೀರ್ವಾದ’ ಎನ್ನುವಾಗ, ಹಿರಿಯರ ಆಶೀರ್ವಾದಕ್ಕೆ ಎಷ್ಟು ಪಾಲು, ನಮ್ಮ ಹೆಮ್ಮೆಗೆ ಎಷ್ಟು ಪಾಲು? ಅಚ್ಚು ನಮ್ಮಲ್ಲಿಯೂ ಇತ್ತು. ಅದಕ್ಕೆ ಅವರು ಇಪ್ಪತ್ತನಾಲ್ಕು ಗಂಟೆಯೂ ಉರಿಯುವ ಕುಲುಮೆಯನ್ನು ಜೋಡಿಸಿಕೊಟ್ಟರು.

ವಚನಕಾರರು ತಮ್ಮ ರಚನೆಗಳ ಕೊನೆಯಲ್ಲಿ ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂದು ಅಂಕಿತವಿಟ್ಟರು. ತಮ್ಮ ಹೆಸರನ್ನು ಇಡಲಿಲ್ಲ. ಆ ಅಂಕಿತಗಳಿಂದಲೇ ನಾವು ಅವರನ್ನು ಗುರುತಿಸುತ್ತೇವೆ. ಇದನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿದ್ದೆನು, ಅವನೂ ಕೇಳಿದ್ದನು. ಆ ಸಂಜೆ ಹೇಳಲು ನಾಲಗೆ ಏಳಲಿಲ್ಲ.

ಹೊರಡುವ ಮುನ್ನ ಅವನು ತಾನು ಬಂದ ಕಾರಣವನ್ನು ತಿಳಿಸಿದನು. ಗುರುವಾರ ಸಂದರ್ಶನ, ತನ್ನನ್ನು ಬಲ್ಲವರ ನಾಲ್ಕು ಮಾತು ಜೊತೆಗಿದ್ದರೆ ಒಳ್ಳೆಯದು, ನಾನು ಬರೆದುಕೊಟ್ಟರೆ ಇಂಗ್ಲಿಷಿಗೆ ತಾನು ತಿರುಗಿಸಿಕೊಳ್ಳುವೆನು. ಏನು ಬರೆಯಬೇಕೆಂದು ಕೇಳಿದೆನು. “ನಾಯಕತ್ವದ ಬಗ್ಗೆ ಏನಾದರೂ, ಸರ್” ಎಂದನು.

ಒಂದು ಹಾಳೆಯ ಮೇಲೆ ನಾನು ಬರೆದುದು ಇಷ್ಟು. ಇವನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಸಿಪಾಯಿಯು ಕಾಯಿಲೆಬಿದ್ದು ಎರಡು ತಿಂಗಳು ಬರಲಿಲ್ಲ. ಆ ಎರಡು ತಿಂಗಳೂ ಶಾಲೆಯ ಗಂಟೆಯನ್ನು ಹೊಡೆದವನು ಇವನು. ಒಂದು ದಿನವೂ ತಡವಾಗಲಿಲ್ಲ. ಗೆಳೆಯರು ಎಷ್ಟು ಕಾಡಿದರೂ ಒಂದು ದಿನವೂ ಬೇಗ ಹೊಡೆಯಲಿಲ್ಲ.

ಅವನು ಓದಿ, “ಇಷ್ಟೇನ್ರಿ ಸರ್?” ಎಂದನು.

“ನಾ ಕಣ್ಣಾರೆ ಕಂಡದ್ದು ಇಷ್ಟ ತಮ್ಮಾ” ಎಂದೆನು.

ಸ್ವಲ್ಪ ಹೊತ್ತು ಹಾಳೆಯನ್ನು ನೋಡುತ್ತ ನಿಂತಿದ್ದು, ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇರಿಸಿಕೊಂಡು ಹೋದನು. ಅದನ್ನು ಆ ತಾಣದಲ್ಲಿ ಹಾಕಿದನೋ ಇಲ್ಲವೋ ನಾನು ವಿಚಾರಿಸಲಿಲ್ಲ.